ವೇಗದ ತರಬೇತಿ: ಹಳೆಯ ಕೋಚ್‌ಗಳಿಂದ ಏನು ತೆಗೆದುಕೊಳ್ಳಬೇಕು, ಏನು ಬಿಡಬೇಕು

1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಥಾಮಸ್ ಬರ್ಕ್ 100 ಮೀಟರ್ ಓಟವನ್ನು 12.0 ಸೆಕೆಂಡಿನಲ್ಲಿ ಗೆದ್ದರು. 2009ರಲ್ಲಿ ಬರ್ಲಿನ್‌ನಲ್ಲಿ ಜಮೈಕಾದ ಉಸೇನ್ ಬೋಲ್ಟ್ ಅದೇ ದೂರಕ್ಕೆ ತೆಗೆದುಕೊಂಡಿದ್ದು 9.58 ಸೆಕೆಂಡು. 113 ವರ್ಷಗಳಲ್ಲಿ ಉಳಿದದ್ದು ಎರಡೂವರೆ ಸೆಕೆಂಡಿಗಿಂತ ಸ್ವಲ್ಪ ಕಡಿಮೆ. ಈ ಉಳಿತಾಯ ಎಲ್ಲಿಂದ ಬಂತು?

ತರಬೇತಿಯಿಂದ ಅಂತ ತಕ್ಷಣ ಹೇಳಿಬಿಡುತ್ತೇವೆ. ಅದು ಪೂರ್ತಿ ನಿಜವಲ್ಲ. 1936ರಲ್ಲಿ ಬರ್ಲಿನ್‌ನಲ್ಲೇ 10.3 ಸೆಕೆಂಡಿನಲ್ಲಿ ಚಿನ್ನ ಗೆದ್ದ ಜೆಸ್ಸಿ ಓವೆನ್ಸ್ ಓಡಿದ್ದು ಸುಟ್ಟ ಕಲ್ಲಿದ್ದಲಿನ ಪುಡಿ ಹಾಸಿದ ಟ್ರ್ಯಾಕಿನ ಮೇಲೆ. ಪ್ರತಿ ಹೆಜ್ಜೆಗೂ ನೆಲ ಸ್ವಲ್ಪ ಜಾರುತ್ತಿತ್ತು. ಕಾಲಿಗೆ ಆಸರೆಯಾಗಲಿ ಅಂತ ಅವರು ಪುಟ್ಟ ಕರಣೆಯಲ್ಲಿ ನೆಲ ತೋಡಿ ಗುಳಿ ಮಾಡಿಕೊಳ್ಳುತ್ತಿದ್ದರು. ಕಾಲು ಒತ್ತಿ ಹೊರಡಲು ನೆಲಕ್ಕೆ ಹಾಕುವ ಸ್ಟಾರ್ಟಿಂಗ್ ಬ್ಲಾಕ್ ಆಗಲೇ ಬಂದಿತ್ತು, ಆದರೆ ನಿಯಮ ಒಪ್ಪುತ್ತಿರಲಿಲ್ಲ. 1929ರಲ್ಲಿ ಜಾರ್ಜ್ ಸಿಂಪ್ಸನ್ ಬ್ಲಾಕ್ ಬಳಸಿ 100 ಗಜವನ್ನು 9.4 ಸೆಕೆಂಡಿನಲ್ಲಿ ಓಡಿದಾಗ, ಆ ಕಾರಣಕ್ಕೇ ಅದನ್ನು ವಿಶ್ವದಾಖಲೆ ಅಂತ ಒಪ್ಪಲಿಲ್ಲ. 1968ರಲ್ಲಿ ಜಿಮ್ ಹೈನ್ಸ್ 9.95 ಓಡಿದ್ದು ಮೆಕ್ಸಿಕೋ ಸಿಟಿಯ ಹೊಸ ಸಿಂಥೆಟಿಕ್ ಟ್ರ್ಯಾಕಿನಲ್ಲಿ. ಅದೂ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿ, ಗಾಳಿಯ ತಡೆ ಕಡಿಮೆ ಇರುವ ಜಾಗದಲ್ಲಿ. ಸಮಯ ಅಳೆಯುವ ರೀತಿಯೂ ಬದಲಾಯಿತು. ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಅಳೆದ ಹಳೆಯ ಸಮಯಗಳು ಎಲೆಕ್ಟ್ರಾನಿಕ್ ಸಮಯಕ್ಕಿಂತ ಸುಮಾರು ಕಾಲು ಸೆಕೆಂಡು ಚೆನ್ನಾಗಿ ಕಾಣುತ್ತವೆ.

ಹೀಗಾಗಿ ದಾಖಲೆ ನೋಡಿ ತರಬೇತಿಯ ಬೆಲೆ ಕಟ್ಟುವುದು ಕಷ್ಟ. ದಾಖಲೆ ಬಿದ್ದ ವರ್ಷ ಚಾಲ್ತಿಯಲ್ಲಿದ್ದ ಪದ್ಧತಿಗೆ ಪೂರ್ತಿ ಹೆಸರು ಹೋಗಿಬಿಡುತ್ತದೆ. ಅದರ ಬದಲು ಬೇರೆ ಪ್ರಶ್ನೆ ಕೇಳುವುದು ಒಳ್ಳೆಯದು: ಆ ಕೋಚ್ ಆಗ ಯಾವ ತೊಂದರೆಗೆ ದಾರಿ ಹುಡುಕುತ್ತಿದ್ದರು? ವೇಗದ ತರಬೇತಿಯ ಇತಿಹಾಸವನ್ನು ಓದುತ್ತಾ ಹೋದಂತೆ ನನಗೆ ಮತ್ತೆ ಮತ್ತೆ ಕಾಣುವುದು ಒಂದೇ ಎಡವಟ್ಟು. ಮುಂದಿನವರು ವ್ಯಾಯಾಮವನ್ನು ಎತ್ತಿಕೊಂಡರು, ಅದು ಯಾವ ತೊಂದರೆಗೆ ಹುಟ್ಟಿತ್ತು ಅನ್ನುವುದನ್ನು ಅಲ್ಲೇ ಬಿಟ್ಟು ಬಂದರು.

ಬೆವರು ಹರಿಸುವ ಕಾಲದಿಂದ ಅಯಸ್ಕಾಂತದವರೆಗೆ

ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಬ್ರಿಟನ್ನಿನಲ್ಲಿ ನಡಿಗೆ ಮತ್ತು ಓಟದ ಮೇಲೆ ಭಾರಿ ಬಾಜಿ ಕಟ್ಟುತ್ತಿದ್ದರು. 1809ರಲ್ಲಿ ಕ್ಯಾಪ್ಟನ್ ಬಾರ್ಕ್ಲೇ ಅನ್ನುವವರು 1,000 ಗಂಟೆಗಳಲ್ಲಿ ಗಂಟೆಗೊಂದು ಮೈಲಿಯಂತೆ 1,000 ಮೈಲಿ ನಡೆದು 1,000 ಗಿನಿ (ಆಗಿನ ಬ್ರಿಟಿಷ್ ಹಣ) ಗೆದ್ದರು. ಅವರ ತರಬೇತಿ ಹೇಗಿತ್ತು ಗೊತ್ತಾ? ಮೊದಲು ಭೇದಿ ಔಷಧಿ. ಆಮೇಲೆ ದಪ್ಪ ಉಣ್ಣೆ ಬಟ್ಟೆ ತೊಟ್ಟು ಓಡುವುದು, ಬಂದು ಕಂಬಳಿ ಹೊದ್ದು ಮಲಗಿ ಬೆವರು ಹರಿಸುವುದು. ಅರ್ಧ ಬೆಂದ ಮಾಂಸ ತಿನ್ನುವುದು, ನೀರು ಆದಷ್ಟು ಕಡಿಮೆ ಕುಡಿಯುವುದು. ಕುದುರೆಗಳನ್ನೂ ಕುಸ್ತಿ, ಬಾಕ್ಸಿಂಗ್ ಪಟುಗಳನ್ನೂ ಹೀಗೇ ತಯಾರು ಮಾಡುತ್ತಿದ್ದರು. ಮೈಯಲ್ಲಿರುವ ಕೊಳೆ, ಕೊಬ್ಬು ಹೋದರೆ ಒಳಗಿನ ಶಕ್ತಿ ಹೊರಬರುತ್ತದೆ ಅನ್ನುವುದು ಆ ಕಾಲದ ನಂಬಿಕೆ. ವೇಗ ಅನ್ನುವುದು ಹುಟ್ಟಿನಿಂದ ಬಂದದ್ದು, ಅದನ್ನು ಕಲಿಸಬಹುದು ಅನ್ನುವ ಯೋಚನೆ ಇದರಲ್ಲಿ ಇರಲೇ ಇಲ್ಲ.

ಆ ಯೋಚನೆ ಮೊದಲು ಕಾಣಿಸಿಕೊಂಡದ್ದು ಓಟ ಶುರು ಮಾಡುವ ಭಂಗಿಯಲ್ಲಿ. 1888ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಶೆರಿಲ್ ತಮ್ಮ ಕೋಚ್ ಮೈಕ್ ಮರ್ಫಿ ಹೇಳಿಕೊಟ್ಟಂತೆ ಎರಡೂ ಕೈ ನೆಲಕ್ಕೂರಿ ಬಗ್ಗಿ ಓಟ ಶುರು ಮಾಡಿದರು. ನಿಂತು ಹೊರಡುವಾಗ ದೇಹದ ಭಾರ ಪಾದಗಳ ನೇರ ಮೇಲಿರುತ್ತದೆ. ಆಗ ತಳ್ಳಿದ ಬಲದಲ್ಲಿ ಜಾಸ್ತಿ ಪಾಲು ದೇಹವನ್ನು ಮೇಲಕ್ಕೆತ್ತುತ್ತದೆ. ಬಗ್ಗಿದಾಗ ಭಾರ ಪಾದಗಳಿಗಿಂತ ಮುಂದೆ ಹೋಗುತ್ತದೆ, ಅದೇ ಬಲ ದೇಹವನ್ನು ಮುಂದಕ್ಕೆ ದೂಡುತ್ತದೆ. 1896ರ ಅಥೆನ್ಸ್‌ನ ಆ ಪ್ರಸಿದ್ಧ ಫೋಟೋ ನೋಡಿ. ಒಬ್ಬೊಬ್ಬರದು ಒಂದೊಂದು ಭಂಗಿ. ಕೈ ನೆಲಕ್ಕೂರಿ ಬಗ್ಗಿರುವವರು ಬರ್ಕ್.

ಮುಂದಿನ ದೊಡ್ಡ ಹೆಜ್ಜೆ ಇಟ್ಟವರು ಕೋಚ್ ಅಲ್ಲ, ವಿಜ್ಞಾನಿ. ಸ್ನಾಯುವಿನಲ್ಲಿ ಶಾಖ ಹೇಗೆ ಹುಟ್ಟುತ್ತದೆ ಅನ್ನುವ ಸಂಶೋಧನೆಗೆ 1922ರ ನೊಬೆಲ್ ಪಡೆದ ಬ್ರಿಟನ್ನಿನ ಎ. ವಿ. ಹಿಲ್ 1927ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿದ್ದರು. ಅಲ್ಲಿ ಓಟಗಾರರ ಮೈಗೆ ಅಯಸ್ಕಾಂತ ಕಟ್ಟಿ, ಟ್ರ್ಯಾಕಿನ ಪಕ್ಕ ದೂರ ದೂರಕ್ಕೆ ತಂತಿಯ ಸುರುಳಿಗಳನ್ನು ಇಟ್ಟರು. ಓಟಗಾರ ಒಂದೊಂದು ಸುರುಳಿ ದಾಟಿದಾಗಲೂ ಅದರಲ್ಲಿ ಸಣ್ಣ ವಿದ್ಯುತ್ ಹರಿಯುತ್ತದೆ, ಆ ಕ್ಷಣ ದಾಖಲಾಗುತ್ತದೆ. ಹೀಗೆ ಒಂದು ಓಟದೊಳಗೆ ವೇಗ ಹೇಗೆ ಏರಿಳಿಯುತ್ತದೆ ಅನ್ನುವುದನ್ನು ಅಳೆದರು.

ಈ ಅಳತೆ ಏಕೆ ಮುಖ್ಯ ಅಂದರೆ, 100 ಮೀಟರ್ ಓಟ ಒಂದೇ ಕೆಲಸ ಅಲ್ಲ ಅಂತ ಅದು ತೋರಿಸಿತು. ಮೊದಲು ವೇಗ ಏರಿಸಿಕೊಳ್ಳುವ ಭಾಗ. ಆಮೇಲೆ ಗರಿಷ್ಠ ವೇಗ. ಕೊನೆಗೆ ವೇಗ ಇಳಿಯುವ ಭಾಗ. ಬೋಲ್ಟ್ ಕೂಡ ಕೊನೆಯಲ್ಲಿ ನಿಧಾನವಾದರು. 9.58ರ ಆ ಓಟದಲ್ಲಿ 60ರಿಂದ 80 ಮೀಟರ್‌ವರೆಗೆ 1.61 ಸೆಕೆಂಡು, ಅಂದರೆ ಗಂಟೆಗೆ ಸುಮಾರು 44.7 ಕಿಲೋಮೀಟರ್ ವೇಗ. ಕೊನೆಯ 20 ಮೀಟರ್‌ಗೆ 1.66 ಸೆಕೆಂಡು. 1991ರ ಟೋಕಿಯೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಾರ್ಲ್ ಲೂಯಿಸ್ ಕೊನೆಯಲ್ಲಿ ಎಲ್ಲರನ್ನೂ ಹಿಂದಿಕ್ಕಿ 9.86ರಲ್ಲಿ ಗೆದ್ದಾಗ, ಅವರು ಕೊನೆಗೆ ಜೋರು ಮಾಡಿದರು ಅಂತಲೇ ನೋಡಿದವರಿಗೆಲ್ಲ ಅನ್ನಿಸಿತು. ಆ ಹಂತದಲ್ಲಿ ಯಾರೂ ವೇಗ ಹೆಚ್ಚಿಸಿಕೊಳ್ಳಲಾರರು. ಬೇರೆಯವರಿಗಿಂತ ಕಡಿಮೆ ನಿಧಾನವಾದರು, ಅಷ್ಟೇ.

ಓಟದ ಮೂರು ಭಾಗಕ್ಕೂ ಬೇರೆ ಬೇರೆ ಶಕ್ತಿ ಬೇಕು. ಹಾಗಾದರೆ ತರಬೇತಿಯೂ ಬೇರೆ ಬೇರೆ ಇರಬೇಕು ಅಲ್ವಾ? ಇದು ಅರ್ಥವಾಗಲು ಇನ್ನೂ ಹಲವು ದಶಕ ಬೇಕಾದವು. ನಡುವೆ ಬೇರೊಂದು ಪದ್ಧತಿ ಜಗತ್ತನ್ನೇ ಆವರಿಸಿಕೊಂಡಿತು.

ಸುಸ್ತು ಮಾಡಿಸುವುದೇ ತರಬೇತಿ ಅಂದುಕೊಂಡದ್ದು

1930ರ ದಶಕದಲ್ಲಿ ಜರ್ಮನಿಯ ಕೋಚ್ ವಾಲ್ಡೆಮಾರ್ ಗೆರ್ಶ್ಲರ್ ಮತ್ತು ಹೃದಯದ ವೈದ್ಯ ಹರ್ಬರ್ಟ್ ರೈಂಡೆಲ್ ಸೇರಿ ಇಂಟರ್ವಲ್ ತರಬೇತಿಯನ್ನು ರೂಪಿಸಿದರು. ಸ್ವಲ್ಪ ದೂರ ಓಡು, ಹೃದಯ ಬಡಿತ ನಿಮಿಷಕ್ಕೆ 180ರ ಹತ್ತಿರ ಹೋಗಲಿ. ನಿಲ್ಲು, 120ಕ್ಕೆ ಇಳಿಯಲಿ. ಇಳಿಯಲು ಒಂದೂವರೆ ನಿಮಿಷಕ್ಕಿಂತ ಜಾಸ್ತಿ ಬೇಕಾದರೆ ಅವತ್ತಿನ ಕೆಲಸ ಅತಿಯಾಯಿತು ಅಂತ ಅರ್ಥ. ಅವರ ಶಿಷ್ಯ ರುಡಾಲ್ಫ್ ಹಾರ್ಬಿಗ್ 1939ರಲ್ಲಿ ಮಿಲಾನ್‌ನಲ್ಲಿ 800 ಮೀಟರ್ ಓಟವನ್ನು 1 ನಿಮಿಷ 46.6 ಸೆಕೆಂಡಿನಲ್ಲಿ ಮುಗಿಸಿದರು. ಹಿಂದಿನ ದಾಖಲೆಗಿಂತ 1.8 ಸೆಕೆಂಡು ಕಡಿಮೆ. ಆ ದಾಖಲೆ 1955ರವರೆಗೂ ಉಳಿಯಿತು.

ಇಂಟರ್ವಲ್ ಪದ್ಧತಿ ತನ್ನ ಕೆಲಸವನ್ನು ಅದ್ಭುತವಾಗಿ ಮಾಡಿತು. 800 ಮೀಟರ್ ಓಟಗಾರನ ಹೃದಯ ಮತ್ತು ಉಸಿರನ್ನು ಹೇಗೆ ಬಲಪಡಿಸುವುದು ಅನ್ನುವುದು ಅದರ ಪ್ರಶ್ನೆಯಾಗಿತ್ತು. ತೊಂದರೆ ಆದದ್ದು ಅದನ್ನು ವೇಗದ ಓಟಗಾರರಿಗೂ ಹಚ್ಚಿದಾಗ. ಇವತ್ತಿಗೂ ಎಷ್ಟೋ ಮೈದಾನಗಳಲ್ಲಿ ಇದನ್ನು ನೋಡಬಹುದು. 100 ಮೀಟರ್ ಹತ್ತು ಸಲ ಓಡಿಸುತ್ತಾರೆ. ನಡುವೆ ಒಂದು ನಿಮಿಷ ವಿಶ್ರಾಂತಿ. ಹುಡುಗರು ಬಾಗಿ ಮೊಣಕಾಲು ಹಿಡಿದು ಏದುಸಿರು ಬಿಡುತ್ತಿರುತ್ತಾರೆ. ಅದಕ್ಕೆ 'ಸ್ಪೀಡ್ ವರ್ಕ್' ಅಂತ ಹೆಸರು.

ಅದು ಸ್ಪೀಡ್ ವರ್ಕ್ ಅಲ್ಲ. ಯಾಕೆ ಅಲ್ಲ ಅನ್ನುವುದಕ್ಕೆ ಎರಡು ಕಾರಣ ಇವೆ.

ಮೊದಲನೆಯದು ಇಂಧನ. ಪೂರ್ತಿ ವೇಗದ ಮೊದಲ ಕೆಲವು ಸೆಕೆಂಡು ಸ್ನಾಯುವಿನಲ್ಲೇ ಇರುವ ಫಾಸ್ಫೋಕ್ರಿಯಾಟಿನ್ ಅನ್ನುವ ರಾಸಾಯನಿಕ ಶಕ್ತಿ ಒದಗಿಸುತ್ತದೆ. ಅದು ಬೇಗ ಖಾಲಿಯಾಗುತ್ತದೆ, ಮತ್ತೆ ತುಂಬಲು ಹಲವು ನಿಮಿಷ ಬೇಕು. ಒಂದು ನಿಮಿಷ ಬಿಟ್ಟು ಓಡಿದರೆ ಆ ಇಂಧನ ಅರೆಬರೆ ಇರುತ್ತದೆ. ಉಳಿದದ್ದನ್ನು ದೇಹ ಬೇರೆ ನಿಧಾನದ ದಾರಿಯಿಂದ ತುಂಬಿಸಿಕೊಳ್ಳುತ್ತದೆ.

ಎರಡನೆಯದು ನರಮಂಡಲ. ನನಗೆ ಇದೇ ಹೆಚ್ಚು ಮುಖ್ಯ ಅನ್ನಿಸುತ್ತದೆ. ಪೂರ್ತಿ ವೇಗದಲ್ಲಿ ಓಡುವಾಗ ಪಾದ ನೆಲದ ಮೇಲಿರುವುದು ಸೆಕೆಂಡಿನ ಹತ್ತನೇ ಒಂದು ಭಾಗ, ಕೆಲವರಲ್ಲಿ ಅದಕ್ಕೂ ಕಡಿಮೆ. ಅಷ್ಟರಲ್ಲಿ ಮಿದುಳು ಸರಿಯಾದ ಸ್ನಾಯುವನ್ನು ಎಬ್ಬಿಸಬೇಕು, ಅದರ ಎದುರಿನ ಸ್ನಾಯುವನ್ನು ಸಡಿಲ ಬಿಡಬೇಕು. ಇದು ಕೌಶಲ. ದಣಿದಾಗ ಮಾಡಿದರೆ ದಣಿದ ರೀತಿಯೇ ಅಭ್ಯಾಸವಾಗುತ್ತದೆ. ತನ್ನ ಗರಿಷ್ಠ ವೇಗದ ಶೇಕಡಾ 85ರಲ್ಲಿ ನೂರು ಸಲ ಓಡಿದವನು ಶೇಕಡಾ 85ರ ಓಟದಲ್ಲಿ ಪಳಗುತ್ತಾನೆ. ಸೋವಿಯತ್ ತರಬೇತುದಾರ ನಿಕೊಲಾಯ್ ಓಝೊಲಿನ್ ಇದನ್ನೇ 'ವೇಗದ ತಡೆಗೋಡೆ' ಅಂತ ವಿವರಿಸಿದರು. ಒಂದೇ ವೇಗದಲ್ಲಿ, ಒಂದೇ ರೀತಿಯಲ್ಲಿ ಓಡುತ್ತಾ ಹೋದರೆ ಆ ಲಯ ದೇಹದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಅದನ್ನು ಮೀರುವುದು ಆಮೇಲೆ ಕಷ್ಟ.

ಸುಸ್ತು ಕಣ್ಣಿಗೆ ಕಾಣುತ್ತದೆ, ವೇಗದ ಕಲಿಕೆ ಕಾಣುವುದಿಲ್ಲ. ಶ್ರದ್ಧೆಯ ಕೋಚ್ ಕೂಡ ಸುಸ್ತನ್ನೇ ಅಳತೆಗೋಲು ಮಾಡಿಕೊಳ್ಳುವುದು ಇದೇ ಕಾರಣಕ್ಕೆ. ಒಳ್ಳೆಯ ಮನಸ್ಸಿನಿಂದಲೇ ಈ ತಪ್ಪು ನಡೆಯುತ್ತದೆ. ಹಾಗಾಗಿಯೇ ಅದು ಇಷ್ಟು ವರ್ಷ ಉಳಿದಿದೆ.

ದವಡೆ ಸಡಿಲ ಬಿಡಿ

ಅಮೆರಿಕದ ಬಡ್ ವಿಂಟರ್ ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಪೈಲಟ್‌ಗಳಾಗಲಿದ್ದ ಯುವಕರಿಗೆ ದೇಹ ಸಡಿಲ ಬಿಡುವುದನ್ನು ಕಲಿಸುತ್ತಿದ್ದರು. ಒತ್ತಡದಲ್ಲಿ ಮೈ ಬಿಗಿ ಹಿಡಿದ ಪೈಲಟ್ ತಪ್ಪು ಮಾಡುತ್ತಾನೆ, ನಿದ್ದೆ ಕೆಡುತ್ತಾನೆ. ಅಲ್ಲಿ ಕಂಡದ್ದನ್ನು ಅವರು ಸ್ಯಾನ್ ಹೊಸೆ ಸ್ಟೇಟ್‌ನ ಓಟಗಾರರಿಗೆ ತಂದರು. ದವಡೆ ಸಡಿಲ, ಕೈಬೆರಳು ಸಡಿಲ, ಭುಜ ಕೆಳಗೆ. ಅವರ ತಂಡ ಎಷ್ಟು ಹೆಸರು ಮಾಡಿತೆಂದರೆ ಆ ಜಾಗಕ್ಕೆ 'ಸ್ಪೀಡ್ ಸಿಟಿ' ಅಂತಲೇ ಹೆಸರು ಬಿತ್ತು. 1968ರ ಮೆಕ್ಸಿಕೋದಲ್ಲಿ 200 ಮೀಟರ್ ಅನ್ನು 19.83ರಲ್ಲಿ ಗೆದ್ದ ಟಾಮಿ ಸ್ಮಿತ್, 400 ಮೀಟರ್ ಅನ್ನು 43.86ರಲ್ಲಿ ಗೆದ್ದ ಲೀ ಇವಾನ್ಸ್ ಇಬ್ಬರೂ ಅಲ್ಲಿಂದ ಬಂದವರು.

ಇದು ಕೇವಲ ಮನಸ್ಸಿನ ಮಾತಲ್ಲ. ತೊಡೆಯ ಮುಂಭಾಗದ ಸ್ನಾಯು ಮಂಡಿಯನ್ನು ಚಾಚುವಾಗ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಬಿಟ್ಟುಕೊಡಬೇಕು. ಮರುಕ್ಷಣ ಅದೇ ಹ್ಯಾಮ್‌ಸ್ಟ್ರಿಂಗ್ ಬಿಗಿಯಾಗಿ ಕಾಲನ್ನು ತಡೆದು ನೆಲದ ಕಡೆ ಎಳೆಯಬೇಕು. ಎರಡೂ ಒಟ್ಟಿಗೆ ಬಿಗಿಯಾದರೆ ನಾವೇ ನಮ್ಮ ಕಾಲಿಗೆ ಬ್ರೇಕ್ ಹಾಕಿಕೊಂಡ ಹಾಗೆ. ಇನ್ನೂ ಜೋರಾಗಿ ಓಡಬೇಕು ಅಂತ ಹಲ್ಲು ಕಚ್ಚಿದಾಗ ಆಗುವುದು ಹೆಚ್ಚಾಗಿ ಇದೇ.

ಡ್ರಿಲ್‌ಗಳ ವಿಚಿತ್ರ ಪ್ರಯಾಣ

ಮಂಡಿ ಎತ್ತಿ ಕುಪ್ಪಳಿಸುತ್ತಾ ಹೋಗುವ 'ಎ ಸ್ಕಿಪ್', ಕಾಲು ಮುಂದಕ್ಕೆ ಚಾಚಿ ಎಳೆಯುವ 'ಬಿ ಸ್ಕಿಪ್' ನೋಡದ ಅಥ್ಲೆಟಿಕ್ಸ್ ಮೈದಾನ ಇರಲಿಕ್ಕಿಲ್ಲ. ಇವುಗಳನ್ನು ರೂಪಿಸಿದವರು ಪೋಲೆಂಡಿನ ಕೋಚ್ ಗೆರಾರ್ಡ್ ಮಾಖ್. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಪೋಲೆಂಡಿನ ಮಹಿಳೆಯರು 4x100 ರಿಲೇ ಚಿನ್ನ ಗೆದ್ದಿದ್ದರು. ಆ ದೇಶದ ಸ್ಪ್ರಿಂಟ್ ಹೆಸರು ಮಾಡಿದ್ದ ಕಾಲ ಅದು. ಮಾಖ್ 1970ರ ದಶಕದಲ್ಲಿ ಕೆನಡಾಕ್ಕೆ ಹೋಗಿ ಅಲ್ಲಿನ ರಾಷ್ಟ್ರೀಯ ಕೋಚ್ ಆದರು. ಅವರ ಜೊತೆ ಡ್ರಿಲ್‌ಗಳೂ ಅಟ್ಲಾಂಟಿಕ್ ದಾಟಿದವು, ಅಲ್ಲಿಂದ ಇಡೀ ಜಗತ್ತಿಗೆ ಹಬ್ಬಿದವು.

ಮಾಖ್ ಎದುರಿಸುತ್ತಿದ್ದ ತೊಂದರೆ ಏನು? ಚಳಿಗಾಲ. ಹಿಮ ಬಿದ್ದ ತಿಂಗಳುಗಳಲ್ಲಿ ಹೊರಗೆ ಪೂರ್ತಿ ವೇಗದಲ್ಲಿ ಓಡಲು ಆಗುತ್ತಿರಲಿಲ್ಲ, ಒಳಗೆ ಉದ್ದದ ಟ್ರ್ಯಾಕ್ ಇರಲಿಲ್ಲ. ಓಟಕ್ಕೆ ಬೇಕಾದ ಸ್ನಾಯುಗಳು ಆ ತಿಂಗಳುಗಳಲ್ಲಿ ದುರ್ಬಲವಾಗದಂತೆ ನೋಡಿಕೊಳ್ಳಬೇಕಿತ್ತು. ಚಿಕ್ಕ ಜಾಗದಲ್ಲಿ, ಓಟಕ್ಕೆ ಹತ್ತಿರದ ಚಲನೆಯಲ್ಲಿ, ಸೊಂಟ ತೊಡೆ ಪಾದಗಳನ್ನು ಗಟ್ಟಿಮಾಡುವ ವ್ಯಾಯಾಮ ಬೇಕಿತ್ತು. ಡ್ರಿಲ್‌ಗಳು ಅದಕ್ಕೆ ಹುಟ್ಟಿದವು. ಅಂದರೆ ಅವು ಮುಖ್ಯವಾಗಿ ಬಲದ ವ್ಯಾಯಾಮಗಳು.

ಹಬ್ಬುತ್ತಾ ಹೋದ ಹಾಗೆ ಅವು ಓಟದ 'ಟೆಕ್ನಿಕ್' ಕಲಿಸುವ ಸಾಧನ ಅನ್ನಿಸಿಕೊಂಡವು. ಎ ಸ್ಕಿಪ್ ಚೆಂದ ಮಾಡಿದರೆ ಓಟ ಚೆಂದವಾಗುತ್ತದೆ ಅನ್ನುವ ನಂಬಿಕೆ ಬೆಳೆಯಿತು. ಎಷ್ಟೋ ಮಕ್ಕಳು ಡ್ರಿಲ್ ಬಹಳ ಸೊಗಸಾಗಿ ಮಾಡಿ, ಓಡಲು ಶುರು ಮಾಡಿದ ಕೂಡಲೇ ಹಳೆಯ ಓಟಕ್ಕೇ ಮರಳುತ್ತಾರೆ. ಅದರಲ್ಲಿ ಆಶ್ಚರ್ಯ ಇಲ್ಲ. ಡ್ರಿಲ್‌ನಲ್ಲಿ ಪಾದ ನೆಲದ ಮೇಲೆ ಇರುವ ಸಮಯ ಬೇರೆ, ನೆಲಕ್ಕೆ ಬೀಳುವ ಬಲ ಬೇರೆ, ಸ್ನಾಯು ಎಚ್ಚರವಾಗುವ ಕ್ರಮ ಬೇರೆ. ವಾರ್ಮ್‌ಅಪ್‌ಗೆ, ಪಾದ ಮತ್ತು ಸೊಂಟದ ಬಲಕ್ಕೆ ಡ್ರಿಲ್ ಒಳ್ಳೆಯದೇ. ಆದರೆ ಅರ್ಧ ಗಂಟೆ ಡ್ರಿಲ್ ಮಾಡಿಸಿ, ದಣಿದ ಮೇಲೆ ನಾಲ್ಕು ಓಟ ಓಡಿಸುವುದು ತಲೆಕೆಳಗಾದ ಲೆಕ್ಕ.

ಎತ್ತರದಿಂದ ಹಾರಿ ಇಳಿಯುವುದು

ಭಾರ ಎತ್ತಿದರೆ ಸ್ನಾಯು ಗಡುಸಾಗಿ ಓಟ ನಿಧಾನವಾಗುತ್ತದೆ ಅನ್ನುವ ಮಾತು ಇಪ್ಪತ್ತನೇ ಶತಮಾನದ ಮಧ್ಯದವರೆಗೂ ಗಟ್ಟಿಯಾಗಿತ್ತು. ಅದನ್ನು ಒಡೆದವರಲ್ಲಿ ಸೋವಿಯತ್ ಕೋಚ್‌ಗಳು ಮುಂದಿದ್ದರು. ಅವರಲ್ಲಿ ಯೂರಿ ವೆರ್ಖೊಶಾನ್ಸ್ಕಿ ಒಂದು ಸೂಕ್ಷ್ಮ ಅಂಶ ಗಮನಿಸಿದರು. ಸ್ನಾಯು ತನ್ನ ಪೂರ್ತಿ ಬಲವನ್ನು ಹೊರಹಾಕಲು ಸೆಕೆಂಡಿನ ಮೂರನೇ ಒಂದು ಭಾಗವಾದರೂ ಬೇಕು. ಓಟದಲ್ಲಿ, ಜಿಗಿತದಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ. ಆದ್ದರಿಂದ ಎಷ್ಟು ಬಲ ಇದೆ ಅನ್ನುವುದಕ್ಕಿಂತ ಅದು ಎಷ್ಟು ಬೇಗ ಹೊರಬರುತ್ತದೆ ಅನ್ನುವುದು ಮುಖ್ಯ.

ಅವರ ಉತ್ತರ, ಎತ್ತರದ ಪೆಟ್ಟಿಗೆಯಿಂದ ಕೆಳಗಿಳಿದು, ನೆಲ ಮುಟ್ಟಿದ ತಕ್ಷಣ ಮೇಲಕ್ಕೆ ಹಾರುವ 'ಡೆಪ್ತ್ ಜಂಪ್'. ಇಳಿದಾಗ ಸ್ನಾಯು ಮತ್ತು ಸ್ನಾಯುರಜ್ಜು ರಬ್ಬರ್‌ನಂತೆ ಹಿಗ್ಗಿ ಶಕ್ತಿ ಹಿಡಿದಿಡುತ್ತವೆ, ತಕ್ಷಣ ಹಾರಿದರೆ ಆ ಶಕ್ತಿ ವಾಪಸ್ ಸಿಗುತ್ತದೆ. ತಡ ಮಾಡಿದರೆ ಅದು ಶಾಖವಾಗಿ ಹೋಗಿಬಿಡುತ್ತದೆ. ವೆರ್ಖೊಶಾನ್ಸ್ಕಿ ಇದನ್ನು ಹೇಳಿದ್ದು ಮುಕ್ಕಾಲು ಮೀಟರ್‌ನಿಂದ ಒಂದು ಮೀಟರ್ ಆಸುಪಾಸಿನ ಎತ್ತರಕ್ಕೆ. ಅದೂ ಈಗಾಗಲೇ ವರ್ಷಗಟ್ಟಲೆ ಬಲದ ತರಬೇತಿ ಮಾಡಿದ ಪಟುಗಳಿಗೆ, ಬಹಳ ಕಡಿಮೆ ಸಂಖ್ಯೆಯಲ್ಲಿ.

1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಸೋವಿಯತ್ ಓಟಗಾರ ವಲೇರಿ ಬೊರ್ಜೊವ್ 100 ಮತ್ತು 200 ಮೀಟರ್ ಎರಡನ್ನೂ ಗೆದ್ದರು. ಪಶ್ಚಿಮದವರು ಬೆಚ್ಚಿಬಿದ್ದರು. ಸೋವಿಯತ್ ಗುಟ್ಟು ಏನು ಅಂತ ಹುಡುಕಾಟ ಶುರುವಾಯಿತು. 1975ರಲ್ಲಿ ಅಮೆರಿಕದ ಫ್ರೆಡ್ ವಿಲ್ಟ್ ಈ ಜಿಗಿತಗಳಿಗೆ 'ಪ್ಲಯೊಮೆಟ್ರಿಕ್ಸ್' ಅಂತ ಹೆಸರಿಟ್ಟರು. ಹೆಸರು ಸಿಕ್ಕ ಮೇಲೆ ಪದ್ಧತಿ ಎಲ್ಲೆಡೆ ಹರಡಿತು. ಕಡಿಮೆ ಸಂಖ್ಯೆ, ಗಟ್ಟಿ ತಳಹದಿ ಅನ್ನುವ ಎಚ್ಚರಿಕೆ ಮಾತ್ರ ಅಷ್ಟಾಗಿ ಹರಡಲಿಲ್ಲ. ಬಲವೇ ಬಾರದ ಎಳೆಯರನ್ನು ಎತ್ತರದ ಪೆಟ್ಟಿಗೆಯಿಂದ ಹತ್ತಾರು ಸಲ ಇಳಿಸಿದರೆ ಮಂಡಿ, ಹಿಮ್ಮಡಿ ಅದಕ್ಕೆ ಬೆಲೆ ತೆರುತ್ತವೆ.

ಮ್ಯೂನಿಕ್‌ನ ಕಥೆಯಲ್ಲಿ ಇನ್ನೊಂದು ಎಳೆ ಇದೆ, ಇದನ್ನು ಜನ ಮರೆತುಬಿಡುತ್ತಾರೆ. ಅಮೆರಿಕದ ಇಬ್ಬರು ವೇಗದ ಓಟಗಾರರಾದ ಎಡ್ಡಿ ಹಾರ್ಟ್ ಮತ್ತು ರೇ ರಾಬಿನ್ಸನ್ ಹಳೆಯ ವೇಳಾಪಟ್ಟಿ ನಂಬಿ ಕ್ವಾರ್ಟರ್ ಫೈನಲ್‌ಗೆ ತಡವಾಗಿ ಹೋಗಿ ಹೊರಬಿದ್ದರು. ಬೊರ್ಜೊವ್ ಗೆದ್ದದ್ದರಲ್ಲಿ ಅನುಮಾನ ಬೇಡ, ಅವರು ನಿಜಕ್ಕೂ ಶ್ರೇಷ್ಠ ಓಟಗಾರ. 1976ರಲ್ಲೂ 100 ಮೀಟರ್‌ನಲ್ಲಿ ಕಂಚು ಗೆದ್ದರು. ಆದರೂ ಒಂದು ಪದಕದ ಹಿಂದೆ ಎಷ್ಟು ಸಂಗತಿ ಸೇರಿರುತ್ತವೆ ನೋಡಿ. ಪದಕ ನೋಡಿ ಪದ್ಧತಿಯನ್ನು ನಂಬುವ ಮೊದಲು ಇಷ್ಟಾದರೂ ಯೋಚಿಸಬೇಕು.

ನಡುವಿನ ವೇಗ ಬೇಡ ಅಂದವರು

ಈ ಇತಿಹಾಸದಲ್ಲಿ ಅತ್ಯಂತ ನೋವಿನ ಅಧ್ಯಾಯ ಕೆನಡಾದ ಚಾರ್ಲಿ ಫ್ರಾನ್ಸಿಸ್ ಅವರದು. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ 9.79 ಓಡಿ, ಸ್ಟ್ಯಾನೊಝೊಲಾಲ್ ಅನ್ನುವ ನಿಷೇಧಿತ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಪದಕ ಕಳೆದುಕೊಂಡ ಬೆನ್ ಜಾನ್ಸನ್‌ಗೆ ಅವರೇ ಕೋಚ್. 1989ರಲ್ಲಿ ಕೆನಡಾ ಸರ್ಕಾರ ನೇಮಿಸಿದ ಡುಬಿನ್ ವಿಚಾರಣೆಯಲ್ಲಿ ತಮ್ಮ ಓಟಗಾರರು ಸ್ಟೆರಾಯ್ಡ್ ಬಳಸಿದ್ದನ್ನು ಫ್ರಾನ್ಸಿಸ್ ಒಪ್ಪಿಕೊಂಡರು.

ಅವರ ತರಬೇತಿಯ ಲೆಕ್ಕ ಇವತ್ತಿಗೂ ಬಹಳ ಜನ ಬಳಸುತ್ತಾರೆ. ವೇಗದ ದಿನ ಓಟ ಗರಿಷ್ಠ ವೇಗದ ಶೇಕಡಾ 95ಕ್ಕಿಂತ ಜಾಸ್ತಿ ಇರಬೇಕು, ಪೂರ್ತಿ ವಿಶ್ರಾಂತಿಯೊಂದಿಗೆ. ಮರುದಿನ ಹುಲ್ಲಿನ ಮೇಲೆ ಶೇಕಡಾ 75ಕ್ಕಿಂತ ಕಡಿಮೆ ವೇಗದಲ್ಲಿ ಹಗುರ ಓಟ. ನಡುವಿನ ವೇಗವನ್ನು ಆದಷ್ಟು ಬಿಟ್ಟುಬಿಡಬೇಕು. ಯಾಕೆಂದರೆ ವೇಗ ಕಲಿಸಲು ಅದು ತೀರ ನಿಧಾನ, ಬೇಗ ಚೇತರಿಸಿಕೊಳ್ಳಲು ತೀರ ಜೋರು. ಸುಸ್ತೇ ತರಬೇತಿ ಅನ್ನುವ ಹಳೆಯ ನಂಬಿಕೆಗೆ ಇಷ್ಟು ಸ್ಪಷ್ಟ ಉತ್ತರ ಬೇರೆ ಸಿಗುವುದು ಕಷ್ಟ.

ಹಾಗಾದರೆ ಇದನ್ನು ತೆಗೆದುಕೊಳ್ಳಬಹುದೇ? ದೇಹ ಮತ್ತು ನರಮಂಡಲದ ಬಗ್ಗೆ ನಮಗೆ ಗೊತ್ತಿರುವುದರ ಜೊತೆ ಈ ತತ್ವ ಹೊಂದುತ್ತದೆ, ಡೋಪಿಂಗ್ ಇಲ್ಲದವರಿಗೂ ಹೊಂದುತ್ತದೆ. ಆದರೆ ಅವರ ಓಟಗಾರರು ವಾರಕ್ಕೆ ಎಷ್ಟು ಓಡಿದರು, ಎಷ್ಟು ಭಾರ ಎತ್ತಿದರು ಅನ್ನುವ ಸಂಖ್ಯೆಗಳನ್ನು ಹಾಗೇ ಎತ್ತಿಕೊಳ್ಳಬಾರದು. ಸ್ಟೆರಾಯ್ಡ್ ಚೇತರಿಕೆಯನ್ನೇ ಬದಲಿಸುತ್ತದೆ. ಪೂರ್ವ ಜರ್ಮನಿಯ ತರಬೇತಿ ದಾಖಲೆಗಳಿಗೂ ಇದೇ ಮಾತು. ಅಲ್ಲಿ ಸರ್ಕಾರವೇ 1974ರಿಂದ ಯೋಜನೆ ಹಾಕಿ, ಹದಿಹರೆಯದ ಹುಡುಗಿಯರಿಗೂ ಗೊತ್ತಿಲ್ಲದಂತೆ ಹಾರ್ಮೋನ್ ಮಾತ್ರೆ ಕೊಡಿಸಿತ್ತು. ಆ ಹುಡುಗಿಯರಲ್ಲಿ ಹಲವರು ಜೀವನಪೂರ್ತಿ ಅದರ ಕಷ್ಟ ಅನುಭವಿಸಿದರು. ಅವರ ವಾರದ ಪಟ್ಟಿಯನ್ನು ಮಾದರಿ ಅಂತ ತೋರಿಸುವವರು ಇದನ್ನೂ ಹೇಳಲೇಬೇಕು.

ಕಡಿಮೆ ಓಡು, ಜೋರಾಗಿ ಓಡು ಅನ್ನುವುದೇ ಏಕೈಕ ದಾರಿ ಅಂತ ಇಲ್ಲಿಗೆ ನಿಲ್ಲಿಸಲೂ ಆಗುವುದಿಲ್ಲ. ಇಟಲಿಯ ಕಾರ್ಲೊ ವಿತ್ತೋರಿ ತಮ್ಮ ಶಿಷ್ಯ ಪಿಯೆತ್ರೊ ಮೆನ್ನೆಯಾಗೆ ಕೊಟ್ಟ ಕೆಲಸ ಅಪಾರ. ಭಾರ ಎಳೆದು ಓಡುವುದು, ವೇಗ ಉಳಿಸಿಕೊಳ್ಳುವ ಉದ್ದದ ಓಟಗಳ ಸರಣಿ, ದಿನದಿಂದ ದಿನಕ್ಕೆ. ಮೆನ್ನೆಯಾ 1979ರಲ್ಲಿ ಮೆಕ್ಸಿಕೋ ಸಿಟಿಯಲ್ಲಿ 200 ಮೀಟರ್ ಅನ್ನು 19.72ರಲ್ಲಿ ಓಡಿದರು. ಆ ವಿಶ್ವದಾಖಲೆ 1996ರವರೆಗೂ ನಿಂತಿತು. 1972ರಿಂದ 1984ರವರೆಗೆ ಸತತ ನಾಲ್ಕು ಒಲಿಂಪಿಕ್ಸ್‌ನಲ್ಲಿ ಅವರು 200 ಮೀಟರ್ ಫೈನಲ್ ತಲುಪಿದರು. ಇಲ್ಲೂ ಮೊದಲು ಕೇಳಬೇಕಾದದ್ದು ಅದೇ ಪ್ರಶ್ನೆ. ಮೆನ್ನೆಯಾ 200 ಮೀಟರ್ ಓಟಗಾರ. ತಿರುವು ದಾಟಿದ ಮೇಲೆ ಬೇರೆಯವರು ಕುಸಿಯುವಾಗ ಇವರು ಕುಸಿಯದಿರುವುದೇ ಇವರ ಬಲ. ಅದಕ್ಕೆ ಬೇಕಾದ ತರಬೇತಿ ಅದು. ವರ್ಷಗಳ ಕಾಲ ಅಷ್ಟು ಕೆಲಸ ತಡೆದುಕೊಳ್ಳುವ ದೇಹವೂ ಅವರದಾಗಿತ್ತು. 60 ಮೀಟರ್‌ನಲ್ಲೇ ಹಿಂದೆ ಬೀಳುವ ಹದಿನೈದರ ಹುಡುಗನಿಗೆ ಅದನ್ನು ಕೊಟ್ಟರೆ ಅವನ ತೊಂದರೆಗೆ ಅದು ಉತ್ತರ ಆಗುವುದಿಲ್ಲ.

ನೆಲ ಹೇಳಿದ ಸತ್ಯ

ವೇಗ ಅಂದರೆ ಹೆಜ್ಜೆಯ ಉದ್ದ ಗುಣಿಸು ಸೆಕೆಂಡಿಗೆ ಇಡುವ ಹೆಜ್ಜೆಗಳ ಸಂಖ್ಯೆ. ಬೋಲ್ಟ್ 9.58ರ ಓಟವನ್ನು 41 ಹೆಜ್ಜೆಗಳಲ್ಲಿ ಮುಗಿಸಿದರು, ಅಂದರೆ ಸರಾಸರಿ ಸುಮಾರು 2.44 ಮೀಟರ್‌ಗೆ ಒಂದು ಹೆಜ್ಜೆ. ಇದನ್ನು ಕೇಳಿ ಕಾಲು ಉದ್ದಕ್ಕೆ ಚಾಚಲು ಹೊರಟವರು ಇದ್ದಾರೆ, ಕಾಲು ಬೇಗ ಬೇಗ ಆಡಿಸಲು ಹೊರಟವರೂ ಇದ್ದಾರೆ. ಎರಡೂ ಸಲಹೆ ಮೈದಾನಗಳಲ್ಲಿ ದಶಕಗಳಿಂದ ಸುತ್ತುತ್ತಿವೆ.

2000ದಲ್ಲಿ ಪೀಟರ್ ವೇಯಂಡ್ ಮತ್ತು ಸಂಗಡಿಗರು ಹಾರ್ವರ್ಡ್‌ನಲ್ಲಿ ಇದನ್ನು ಅಳೆದು ನೋಡಿದರು. ಬಲ ಅಳೆಯುವ ಟ್ರೆಡ್‌ಮಿಲ್ ಮೇಲೆ 33 ಜನರನ್ನು ಓಡಿಸಿದರು. ಅವರ ಗರಿಷ್ಠ ವೇಗ ಸೆಕೆಂಡಿಗೆ 6.2 ಮೀಟರ್‌ನಿಂದ 11.1 ಮೀಟರ್‌ವರೆಗೆ ಇತ್ತು. ನಿಧಾನದವರೂ ವೇಗದವರೂ ಕಾಲನ್ನು ಗಾಳಿಯಲ್ಲಿ ಹಿಂದಿನಿಂದ ಮುಂದಕ್ಕೆ ತರಲು ತೆಗೆದುಕೊಂಡ ಸಮಯ ಹೆಚ್ಚುಕಡಿಮೆ ಒಂದೇ! ವ್ಯತ್ಯಾಸ ಇದ್ದದ್ದು ನೆಲ ಮುಟ್ಟಿದ ಆ ಚಿಕ್ಕ ಹೊತ್ತಿನಲ್ಲಿ. ವೇಗದವರು ತಮ್ಮ ತೂಕಕ್ಕೆ ಹೋಲಿಸಿದರೆ ಜಾಸ್ತಿ ಬಲವನ್ನು ನೆಲಕ್ಕೆ ಕೊಡುತ್ತಿದ್ದರು. ಹೆಜ್ಜೆ ಉದ್ದವಾಗುವುದು ಅದರಿಂದ, ಕಾಲು ಚಾಚಿದ್ದರಿಂದ ಅಲ್ಲ. ಕಾಲನ್ನು ಬೇಕಂತಲೇ ದೇಹದ ಮುಂದೆ ದೂರ ಇಟ್ಟರೆ ಅದು ಬ್ರೇಕ್ ಆಗುತ್ತದೆ.

ಇದನ್ನು ಓದಿದಾಗ ಹಳೆಯ ತುಂಡುಗಳು ಜೋಡಣೆಯಾಗುತ್ತವೆ. ವೆರ್ಖೊಶಾನ್ಸ್ಕಿಯ ಜಿಗಿತ ಯಾಕೆ ಕೆಲಸ ಮಾಡಿತು, ಮಾಖ್ ಡ್ರಿಲ್‌ಗಳಲ್ಲಿ ಪಾದದ ಬಲ ಯಾಕೆ ಬೇಕಿತ್ತು ಅನ್ನುವುದು ತಿಳಿಯುತ್ತದೆ. ಓಟದ ಶುರುವಿನ ಭಾಗಕ್ಕೆ ಮಾತ್ರ ಲೆಕ್ಕ ಸ್ವಲ್ಪ ಬೇರೆ. ಮೊದಲ ಹೆಜ್ಜೆಗಳಲ್ಲಿ ಪಾದ ನೆಲದ ಮೇಲೆ ಹೆಚ್ಚು ಹೊತ್ತು ಇರುತ್ತದೆ. ಅಲ್ಲಿ ಶುದ್ಧ ಬಲಕ್ಕೆ ಸಮಯ ಸಿಗುತ್ತದೆ. ಆ ಬಲವನ್ನು ಎಷ್ಟು ಹಿಂದಕ್ಕೆ ತಳ್ಳುತ್ತೀರಿ ಅನ್ನುವುದು ಎಷ್ಟು ಬಲ ಇದೆ ಅನ್ನುವಷ್ಟೇ ಮುಖ್ಯ ಅಂತ ಫ್ರಾನ್ಸ್‌ನ ಸಂಶೋಧಕರು ಮುಂದೆ ತೋರಿಸಿದರು. 1888ರಲ್ಲಿ ಮರ್ಫಿ ತಮ್ಮ ಹುಡುಗನನ್ನು ಬಗ್ಗಿಸಿದ್ದರಲ್ಲಿ ಈ ತಿಳಿವಳಿಕೆ ಆಗಲೇ ಇತ್ತು.

ಹಾಗಾದರೆ ಮೈದಾನದಲ್ಲಿ ಏನು ಮಾಡುವುದು

ಹೊಸಬರು, ಎಳೆಯರು 30-40 ಮೀಟರ್‌ನಲ್ಲೇ ತಮ್ಮ ಗರಿಷ್ಠ ವೇಗ ಮುಟ್ಟಿಬಿಡುತ್ತಾರೆ. ಆದ್ದರಿಂದ ಮೊದಲ ತಿಂಗಳುಗಳಲ್ಲಿ 20ರಿಂದ 40 ಮೀಟರ್ ಓಟಗಳೇ ಸಾಕು. ಓಡಿದ ಪ್ರತಿ 10 ಮೀಟರ್‌ಗೆ ಸುಮಾರು ಒಂದು ನಿಮಿಷ ವಿಶ್ರಾಂತಿ ಅನ್ನುವುದು ಕೋಚ್‌ಗಳ ರೂಢಿಯ ಲೆಕ್ಕ. 30 ಮೀಟರ್ ಓಡಿದರೆ ಮೂರು ನಿಮಿಷ. ಸುಮ್ನೆ ನಿಂತಿರುವುದು ಸಮಯ ಹಾಳು ಅನ್ನಿಸಬಹುದು. ಮೈ ಬೆಚ್ಚಗಿಟ್ಟುಕೊಂಡು ಅಡ್ಡಾಡಿ, ಆದರೆ ವಿಶ್ರಾಂತಿಯನ್ನು ಕತ್ತರಿಸಬೇಡಿ. ವೇಗದ ಕೆಲಸ ವಾರ್ಮ್‌ಅಪ್ ಆದ ತಕ್ಷಣ ಬರಲಿ, ಭಾರ ಎತ್ತುವುದು ಆಮೇಲೆ ಇರಲಿ. ಎರಡು ವೇಗದ ದಿನಗಳ ನಡುವೆ ಕನಿಷ್ಠ 48 ಗಂಟೆ ಬಿಡಿ. ಜಿಗಿತ ಬೇಕು ಅನ್ನಿಸಿದರೆ ನೆಲದ ಮೇಲೆ ಹಗ್ಗ ಹಾರುವುದು, ಚಿಕ್ಕ ಕುಪ್ಪಳಿಕೆಗಳಿಂದ ಶುರು ಮಾಡಿ. ಪೆಟ್ಟಿಗೆ ವರ್ಷಗಳ ನಂತರದ ಮಾತು.

ಹ್ಯಾಮ್‌ಸ್ಟ್ರಿಂಗ್ ಬಗ್ಗೆ ಒಂದು ಮಾತು. ವೇಗದ ಓಟಗಾರರನ್ನು ಹೆಚ್ಚು ಕಾಡುವ ಗಾಯ ಅದೇ. ಮೊಣಕಾಲೂರಿ ಕೂತು, ಹಿಮ್ಮಡಿಯನ್ನು ಜೊತೆಗಾರ ಹಿಡಿದಿರುವಾಗ ನಿಧಾನವಾಗಿ ಮುಂದಕ್ಕೆ ಬಾಗುವ 'ನಾರ್ಡಿಕ್' ವ್ಯಾಯಾಮ ಫುಟ್‌ಬಾಲ್ ಆಟಗಾರರಲ್ಲಿ ಈ ಗಾಯಗಳನ್ನು ಸುಮಾರು ಅರ್ಧಕ್ಕೆ ಇಳಿಸಿದ್ದನ್ನು ಅಧ್ಯಯನಗಳು ತೋರಿಸಿವೆ. ದುಡ್ಡು ಬೇಕಿಲ್ಲ, ಸಲಕರಣೆ ಬೇಕಿಲ್ಲ. ಮಾಡದಿರಲು ಕಾರಣವೇ ಇಲ್ಲ.

ಪ್ರತಿ ಓಟದ ಸಮಯವನ್ನು ಬರೆದಿಡಿ. ಸಮಯ ಕೆಡಲು ಶುರುವಾದರೆ, ಒಂದು ಓಟ ನೋಡಿ, ಇನ್ನೊಂದು ನೋಡಿ. ಎರಡರಲ್ಲೂ ಕೆಟ್ಟರೆ ಅವತ್ತಿನ ವೇಗದ ಕೆಲಸ ಮುಗಿಯಿತು, ಪಟ್ಟಿಯಲ್ಲಿ ಇನ್ನೂ ಮೂರು ಓಟ ಬಾಕಿ ಇದ್ದರೂ ಸರಿ. ತಿಂಗಳುಗಟ್ಟಲೆ ಸಮಯ ಇಳಿಯದೆ ನಿಂತುಬಿಟ್ಟರೆ, ಯಾರೋ ಚಾಂಪಿಯನ್‌ನ ವಾರದ ಪಟ್ಟಿ ಹುಡುಕುವ ಮೊದಲು ಹಿಲ್ ಮಾಡಿದ ಕೆಲಸವನ್ನು ಮಾಡಿ. ಟ್ರ್ಯಾಕಿನ ಪಕ್ಕ 10 ಮೀಟರ್‌ಗೊಂದು ಗುರುತು ಹಾಕಿ, ಫೋನಿನಲ್ಲಿ ವಿಡಿಯೋ ಹಿಡಿದು, ಒಂದೊಂದು ಭಾಗಕ್ಕೂ ಎಷ್ಟು ಹೊತ್ತಾಯಿತು ಅಂತ ಎಣಿಸಿ. ಮೊದಲ 20 ಮೀಟರ್ ನಿಧಾನವಾಗಿದ್ದರೆ ಬಲ ಮತ್ತು ತಳ್ಳುವ ದಿಕ್ಕಿನ ಕೆಲಸ ಬಾಕಿ ಇದೆ. ನಡುವಿನ ಭಾಗ ಏರುತ್ತಿಲ್ಲ ಅಂದರೆ ಸಡಿಲವಾಗಿ, ದಣಿವಿಲ್ಲದೆ, ಪೂರ್ತಿ ವೇಗದಲ್ಲಿ ಓಡಿದ್ದು ಸಾಲದು. ಕೊನೆಯಲ್ಲಿ ಕುಸಿತ ಜಾಸ್ತಿ ಇದ್ದರೆ ಆಗ ವಿತ್ತೋರಿಯವರ ಉದ್ದದ ಓಟಗಳ ಕಡೆ ನೋಡಬಹುದು.